ಶಾಂತಿ ಪದಕ, ಶ್ರೀರಂಗಪಟ್ಟಣ ಪದಕ: ಕೆತ್ತಿದ ಕೈ ಒಂದೇ!

ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಅಲ್ಲಿನ ಮೂಲನಿವಾಸಿ ಮುಖಂಡರಿಗೆ ಸ್ನೇಹದ ಗುರುತಾಗಿ ನೀಡುತ್ತಿದ್ದವೇ 'ಶಾಂತಿ ಪದಕ'ಗಳು. ಜಾರ್ಜ್ ವಾಷಿಂಗ್ಟನ್ ಎರಡನೇ ಅವಧಿಯ, 1796ರ ಇಸವಿ ಹೊತ್ತ 'ಸೀಸನ್ಸ್' ಪದಕಗಳು ತಯಾರಾದದ್ದು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ. ರೈತ, ಪಶುಪಾಲಕ, ನೂಲುವ ಮನೆಮಂದಿ ಹೀಗೆ ಮೂರು ಚಿತ್ರಗಳು. ಅಚ್ಚು ಕೆತ್ತಿದವರು ಕಾನ್ರಾಡ್ ಹೈನ್ರಿಖ್ ಕ್ಯೂಖ್ಲರ್.

ಕನ್ನಡ ನಾಡಿನ ಇತಿಹಾಸಕ್ಕೂ ಈ ಕೆತ್ತನೆಗಾರನಿಗೂ ನಂಟಿದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹತರಾದ ಶ್ರೀರಂಗಪಟ್ಟಣ ಯುದ್ಧದ ಪದಕವನ್ನು ಕೆತ್ತಿದ್ದೂ ಇವರೇ, ಅದೇ ಟಂಕಸಾಲೆಗಾಗಿ. ಒಂದು ಬದಿಯಲ್ಲಿ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ, ಕೆಳಗೆ ಪರ್ಷಿಯನ್ ಬರಹ. ಬಾಂಬೆ ಸೇನೆಯೂ ಪಾಲ್ಗೊಂಡಿದ್ದ ಈ ಯುದ್ಧದ ಪದಕದಲ್ಲಿ ಲೋಹವೇ ದರ್ಜೆ: ಸೇನಾಪತಿಗಳಿಗೆ ಚಿನ್ನ, ಹವಾಲ್ದಾರರಂಥವರಿಗೆ ಕಂಚು, ಸಿಪಾಯಿಗೆ ತವರ.

ಖರೀದಿಸುವ ಮುನ್ನ ಗಮನಿಸಿ

* ಮುಖಂಡರಿಗೆ ಕೊಡುತ್ತಿದ್ದದ್ದು ಮುಖ್ಯವಾಗಿ ಬೆಳ್ಳಿಯ ಶಾಂತಿ ಪದಕ. ಮಾರುಕಟ್ಟೆಯಲ್ಲಿ ಸಿಗುವ ಕಂಚಿನವು ಬಹುಪಾಲು ಫಿಲಡೆಲ್ಫಿಯಾ ಟಂಕಸಾಲೆ ಸಂಗ್ರಾಹಕರಿಗಾಗಿ ನಂತರ ಅಚ್ಚೊತ್ತಿದ ಪ್ರತಿಗಳು.
* ಸೋಹೋದ ಶ್ರೀರಂಗಪಟ್ಟಣ ಪದಕದ ಅಗಲ ಸುಮಾರು 48 ಮಿ.ಮೀ. ಕೆತ್ತನೆಗಾರನ 'ಸಿ.ಎಚ್.ಕೆ.' ಅಕ್ಷರಗಳನ್ನು ಹುಡುಕಿ.
* ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಕಾಲ ಕೊಟ್ಟ ಕಂದು ಬಣ್ಣ ಹೋದರೆ ಬೆಲೆಯೂ ಹೋದಂತೆ.
* ಬಾಂದ್ರಾದಲ್ಲಿರಲಿ, ಮೈಸೂರಿನಲ್ಲಿರಲಿ, 100 ವರ್ಷ ದಾಟಿದ ಪದಕ 1972ರ ಕಾಯ್ದೆಯಡಿ ಪುರಾತನ ವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಮಾರಾಟದ ವ್ಯವಹಾರಕ್ಕೆ ಪರವಾನಗಿ ಬೇಕು.

ಒಂದು ಪದಕ ಸ್ನೇಹದ ಭರವಸೆ, ಇನ್ನೊಂದು ಗೆದ್ದವರ ಸಂಭ್ರಮ. ಎರಡರಲ್ಲೂ ಸೋತವರ ಕಥೆ ಅಡಗಿದೆ.