ಪೈಲಟ್ ಜಾಕೆಟ್ ಬೆನ್ನಿನ ಮೇಲೇಕೆ ವಿಮಾನದ ಚಿತ್ರ? ಕೊಳ್ಳುವ ಮುನ್ನ ಈ ಇತಿಹಾಸ ತಿಳಿಯಿರಿ

ಕಂದು ಬಣ್ಣದ ಚರ್ಮದ ಜಾಕೆಟ್, ಎದೆಯ ಮೇಲೆ ಬ್ಯಾಡ್ಜ್, ಬೆನ್ನ ತುಂಬಾ ಹುಲಿಯೋ ಡ್ರ್ಯಾಗನ್ನೋ ಇರುವ ಬಣ್ಣದ ಚಿತ್ರ. ಎರಡನೇ ಮಹಾಯುದ್ಧದ ಪೈಲಟ್‌ಗಳ ಈ ಉಡುಪು ಇಂದು ಬೈಕ್ ಸವಾರರ ಫ್ಯಾಷನ್. ಕೊಚ್ಚಿಯಿಂದ ಮುನ್ನಾರ್‌ಗೆ, ತಿರುವನಂತಪುರದಿಂದ ಪೊನ್ಮುಡಿಗೆ ಬೈಕ್ ಏರಿ ಹೊರಡುವವರಿಗೆ ಘಟ್ಟದ ಚಳಿಗೆ ಇದು ಒದಗುತ್ತದೆ. ಆದರೆ ಆ ಚಿತ್ರ ಬರೀ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಒಮ್ಮೆ ಅದು ಜೀವ ಉಳಿಸುವ ಚೀಟಿಯಾಗಿತ್ತು, ಇನ್ನೊಮ್ಮೆ ಆಪತ್ತನ್ನೂ ತಂದಿತ್ತು.

ಎ-2 ಜಾಕೆಟ್ ಎಂದರೇನು?

ಅಮೆರಿಕದ ಸೇನಾ ವಾಯುದಳ 1931ರಲ್ಲಿ ಎ-2 ಹೆಸರಿನ ಜಾಕೆಟ್ ಜಾರಿಗೆ ತಂದಿತು. ಹೆಚ್ಚಿನವು ಕುದುರೆ ಚರ್ಮದವು. ಮುಂದೆ ಜಿಪ್, ಒತ್ತುಗುಂಡಿಯ ಕಾಲರ್, ಮುಚ್ಚಳವಿರುವ ಎರಡು ಜೇಬು, ಸೊಂಟ ಮತ್ತು ಮುಂಗೈಗೆ ಉಣ್ಣೆಯ ಪಟ್ಟಿ, ಬೆನ್ನಿಗೆ ಒಂದೇ ತುಂಡು ಚರ್ಮ. ಈ ಹೊಲಿಗೆಯಿಲ್ಲದ ಬೆನ್ನೇ ಚಿತ್ರಕ್ಕೆ ಕ್ಯಾನ್ವಾಸ್ ಆಯಿತು. 1943ರಲ್ಲಿ ಚರ್ಮದ ಬದಲು ಬಟ್ಟೆಯ ಜಾಕೆಟ್ ಬಂದವು. ಎ-2 ಮತ್ತೆ ವಾಯುಪಡೆಗೆ ಮರಳಿದ್ದು 1988ರಲ್ಲಿ, ಮೇಕೆ ಚರ್ಮದಲ್ಲಿ.

ವಿಮಾನದ ಮೂತಿಯಿಂದ ಬೆನ್ನಿಗೆ

ವಿಮಾನದ ಮೂತಿಯ ಮೇಲೆ ಬಿಡಿಸುವ ಚಿತ್ರಕ್ಕೆ ನೋಸ್ ಆರ್ಟ್ ಎನ್ನುತ್ತಾರೆ. ವಿಮಾನಕ್ಕೆ ಗುರುತಿನ ಚಿತ್ರ ಹಾಕುವ ರೂಢಿ ಮೊದಲ ಮಹಾಯುದ್ಧದಲ್ಲೇ ಇತ್ತು. ಇಟಲಿಯ ಪೈಲಟ್ ಫ್ರಾಂಚೆಸ್ಕೊ ಬರಾಕ್ಕಾ ವಿಮಾನದ ಮೇಲಿದ್ದ ನೆಗೆಯುವ ಕುದುರೆ ಮುಂದೆ ಫೆರಾರಿ ಕಾರಿನ ಲಾಂಛನವಾಯಿತು. ಎರಡನೇ ಮಹಾಯುದ್ಧದಲ್ಲಿ ಸಿಬ್ಬಂದಿ ತಮ್ಮ ವಿಮಾನದ ಹೆಸರು, ಚಿತ್ರವನ್ನು ಜಾಕೆಟ್ ಮೇಲೂ ಬರೆಸಿಕೊಂಡರು. ಜೊತೆಗೆ ಪ್ರತಿ ದಾಳಿಗೆ ಒಂದರಂತೆ ಪುಟ್ಟ ಬಾಂಬ್ ಚಿತ್ರ. 'ಮೆಂಫಿಸ್ ಬೆಲ್' ವಿಮಾನದ ತಂಡ 1943ರಲ್ಲಿ 25 ದಾಳಿ ಮುಗಿಸಿ ಜೀವಂತ ಮನೆಗೆ ಮರಳಿದ್ದೇ ಅಂದಿಗೆ ದೊಡ್ಡ ಸುದ್ದಿ. ಸಾಲು ಬಾಂಬ್ ಎಂದರೆ ಅಷ್ಟು ಸಲ ಸಾವಿನಿಂದ ಪಾರಾದ ಲೆಕ್ಕ.

ಕಾಪಾಡಿದ ಚೀಟಿ, ಕಾಡಿದ ಹೆಸರು

ಚೀನಾ ಪರ ಹೋರಾಡಿದ 'ಫ್ಲೈಯಿಂಗ್ ಟೈಗರ್ಸ್' ಪೈಲಟ್‌ಗಳ ಜಾಕೆಟ್ ಬೆನ್ನಿಗೆ ಚೀನಾದ ಧ್ವಜ ಮತ್ತು ಚೀನೀ ಬರಹವಿರುವ ಬಟ್ಟೆ ಹೊಲಿದಿರುತ್ತಿತ್ತು. ಈ ವಿದೇಶಿ ನಮಗಾಗಿ ಹೋರಾಡಲು ಬಂದಿದ್ದಾನೆ, ಕಾಪಾಡಿ ಎಂಬುದು ಅದರ ತಾತ್ಪರ್ಯ. ಇದೇ 'ಬ್ಲಡ್ ಚಿಟ್'. ಚಿಟ್ ಎಂಬುದು ನಮ್ಮ ಚೀಟಿಯೇ, ಭಾರತದಿಂದ ಇಂಗ್ಲಿಷ್‌ಗೆ ಹೋದ ಪದ.

ಇದಕ್ಕೆ ವಿರುದ್ಧವಾದದ್ದು 1943ರ ನವೆಂಬರ್‌ನಲ್ಲಿ ನಡೆಯಿತು. ಜರ್ಮನಿಯಲ್ಲಿ ಸೆರೆಸಿಕ್ಕ ಅಮೆರಿಕದ ಕೆನೆತ್ ವಿಲಿಯಮ್ಸ್ ಜಾಕೆಟ್ ಬೆನ್ನಲ್ಲಿ 'ಮರ್ಡರ್ ಇಂಕ್' ಎಂದು ಬರೆದಿತ್ತು. ಅದು ಅವರ ವಿಮಾನದ ಹೆಸರು. ಅಮೆರಿಕನ್ನರು ಬಾಡಿಗೆ ಕೊಲೆಗಾರರು ಎಂದು ಬಿಂಬಿಸಲು ನಾಜಿಗಳು ಆ ಫೋಟೋವನ್ನೇ ಪ್ರಚಾರಕ್ಕೆ ಬಳಸಿಕೊಂಡರು.

ಬೆಂಗಳೂರಿನ ನಂಟು

ಈ ಕಥೆಯಲ್ಲಿ ಬೆಂಗಳೂರೂ ಇದೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್) 1943ರಲ್ಲಿ ಅಮೆರಿಕದ ವಾಯುದಳದ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು 1948ರಿಂದ ಬೆಂಗಳೂರಿಗೆ ಹಾರಿಸಿ ತಂದು ಎಚ್‌ಎಎಲ್ ದುರಸ್ತಿ ಮಾಡಿತು. ಭಾರತೀಯ ವಾಯುಪಡೆ 1968ರವರೆಗೆ ಅವನ್ನು ಹಾರಿಸಿತು. ಅವುಗಳಲ್ಲೊಂದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಸೇರಿ 1989ರಲ್ಲಿ ಮತ್ತೆ ಹಾರಿತು. ಯುದ್ಧಕಾಲದ ಪ್ರಸಿದ್ಧ ನೋಸ್ ಆರ್ಟ್ 'ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್' ಅನ್ನು ಕೆಲ ವರ್ಷ ಅದರ ಮೈಮೇಲೆ ಬಿಡಿಸಲಾಗಿತ್ತು.

ಬ್ಯಾಡ್ಜ್ ವಿಷಯದಲ್ಲಿ ಎಚ್ಚರ

ಬೆನ್ನ ಮೇಲಿನ ಗುರುತು ಇಂದಿಗೂ ನೋಡುವವರಿಗೆ ಏನನ್ನೋ ಹೇಳುತ್ತದೆ. ಕೊಚ್ಚಿಯಲ್ಲಿ ನೌಕಾಪಡೆಯ ದಕ್ಷಿಣ ಕಮಾಂಡ್ ಹಾಗೂ 1953ರಲ್ಲಿ ಆರಂಭವಾದ ವಾಯುನೆಲೆ ಐಎನ್‌ಎಸ್ ಗರುಡ ಇವೆ. ತಿರುವನಂತಪುರದಲ್ಲಿ 1984ರಿಂದ ವಾಯುಪಡೆಯ ದಕ್ಷಿಣ ಕಮಾಂಡ್ ಇದೆ. ಇಂಥ ಊರುಗಳಲ್ಲಿ ಭಾರತೀಯ ಸೇನೆಯ ಲಾಂಛನ ಹಾಕಿಕೊಂಡು ಓಡಾಡುವುದು ತೊಂದರೆಗೆ ದಾರಿ. ಸೈನಿಕರಲ್ಲದವರು ತಾವು ಸೈನಿಕರೆಂದು ನಂಬಿಸುವ ಉದ್ದೇಶದಿಂದ ಸೇನೆಯದನ್ನು ಹೋಲುವ ಉಡುಪು, ಲಾಂಛನ ಧರಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 168ರಡಿ 3 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹಳೆಯ ವಿದೇಶಿ ವಿಮಾನದ ಚಿತ್ರವಾದರೆ ಈ ಗೊಂದಲವಿಲ್ಲ.

ಕರಾವಳಿಯಲ್ಲಿ ಕಾಪಾಡುವುದು ಹೇಗೆ?

* ಕೊಚ್ಚಿಯಿರಲಿ, ಮಂಗಳೂರಿರಲಿ, ಮಳೆಗಾಲದ ತೇವಕ್ಕೆ ಚರ್ಮ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಅಗಲವಾದ ಹ್ಯಾಂಗರ್‌ಗೆ ಹಾಕಿ ಗಾಳಿಯಾಡುವಲ್ಲಿಡಿ.
* ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ಬಿಸಿಲು, ಇಸ್ತ್ರಿ ಬೇಡ.
* ಚರ್ಮಕ್ಕೆ ಹಚ್ಚುವ ಕ್ರೀಮ್ ಚಿತ್ರದ ಮೇಲೆ ತಾಗದಿರಲಿ. ಚಿತ್ರವಿರುವ ಭಾಗವನ್ನು ಮಡಚಿದರೆ ಬಣ್ಣ ಬಿರುಕು ಬಿಡುತ್ತದೆ.
* ಅಗ್ಗದ ಕೃತಕ ಚರ್ಮ ತೇವದ ಹವೆಯಲ್ಲಿ ಕೆಲ ವರ್ಷಕ್ಕೇ ಸಿಪ್ಪೆ ಏಳುತ್ತದೆ. ಕೊಳ್ಳುವಾಗ ಒಳಗಿನ ಲೇಬಲ್ ನೋಡಿ, ಯಾವ ಚರ್ಮ ಎಂದು ಕೇಳಿ.
* ಹೊಸದಾಗಿ ಹೊಲಿದ ಎ-2 ಮಾದರಿಗೆ 'ಯುದ್ಧಕಾಲದ ಅಸಲಿ' ಬೆಲೆ ಕೊಡಬೇಡಿ. ಅಸಲಿ ಎ-2ಗೆ ಪಕ್ಕದಿಂದ ಕೈತೂರಿಸುವ ಜೇಬು ಇರಲಿಲ್ಲ ಎಂಬುದು ನೆನಪಿರಲಿ.