ಡಿಪ್ಲೊಮಾ ಇನ್ ಫಾರ್ಮಸಿ

ಡಿಪ್ಲೊಮಾ ಇನ್ ಫಾರ್ಮಸಿ (ಡಿ.ಫಾರ್ಮ್) ಎಂಬುದು ಭಾರತದಲ್ಲಿ ಔಷಧ ವಿತರಣೆಯ ವೃತ್ತಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಎರಡು ವರ್ಷಗಳ ಶಿಕ್ಷಣಕ್ರಮ. ನೋಂದಾಯಿತ ಫಾರ್ಮಸಿಸ್ಟ್ ಆಗಲು ಇದು ಕನಿಷ್ಠ ವಿದ್ಯಾರ್ಹತೆಯಾಗಿದೆ. ಅಮೆರಿಕದಲ್ಲಿ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ‘ಫಾರ್ಮಸಿ ಟೆಕ್ನಿಷಿಯನ್’ ಎಂಬ ಪ್ರತ್ಯೇಕ ವರ್ಗವಿದೆ. ಭಾರತದ ಫಾರ್ಮಸಿ ಕಾಯ್ದೆಯಲ್ಲಿ ಅಂತಹ ವರ್ಗವಿಲ್ಲ. ಆದ್ದರಿಂದ ಈ ಕ್ಷೇತ್ರದ ಯಾವುದೇ ತರಬೇತಿಯನ್ನು ಆರಿಸಿಕೊಳ್ಳುವಾಗ, ಅದು ನೋಂದಣಿಗೆ ಅರ್ಹತೆ ಒದಗಿಸುತ್ತದೆಯೇ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ.

ಕಾನೂನಿನ ಹಿನ್ನೆಲೆ

ಔಷಧ ವಿತರಣೆಯ ವೃತ್ತಿ ಮತ್ತು ಶಿಕ್ಷಣಗಳೆರಡನ್ನೂ 1948ರ ಫಾರ್ಮಸಿ ಕಾಯ್ದೆ ನಿಯಂತ್ರಿಸುತ್ತದೆ. ಈ ಕಾಯ್ದೆಯನ್ವಯ 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. ಪಠ್ಯಕ್ರಮ, ಬೋಧಕರ ಅರ್ಹತೆ, ಪ್ರಯೋಗಾಲಯ ಮುಂತಾದವುಗಳ ಕನಿಷ್ಠ ಮಟ್ಟವನ್ನು ಪರಿಷತ್ತು ನಿಗದಿಪಡಿಸುತ್ತದೆ. ಕಾಯ್ದೆಯ 12ನೇ ಪ್ರಕರಣದಂತೆ ಶಿಕ್ಷಣಕ್ರಮಕ್ಕೂ ಪರೀಕ್ಷೆಗೂ ಪರಿಷತ್ತಿನ ಮಾನ್ಯತೆ ಅಗತ್ಯ. 42ನೇ ಪ್ರಕರಣದ ಪ್ರಕಾರ, ವೈದ್ಯರ ಚೀಟಿಗೆ ಔಷಧವನ್ನು ಸಿದ್ಧಪಡಿಸಿ ಅಥವಾ ಮಿಶ್ರಮಾಡಿ ನೀಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮೀಸಲು. ಇದರ ಉಲ್ಲಂಘನೆ ಶಿಕ್ಷಾರ್ಹ ಅಪರಾಧ.

ಪ್ರವೇಶ ಮತ್ತು ಪಠ್ಯಕ್ರಮ

ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತವನ್ನು ಓದಿ ತೇರ್ಗಡೆಯಾದವರು ಪ್ರವೇಶಕ್ಕೆ ಅರ್ಹರು. ಕಲಾ ಮತ್ತು ವಾಣಿಜ್ಯ ವಿಭಾಗದವರಿಗೆ ಅವಕಾಶವಿಲ್ಲ. 2020ರ ಶಿಕ್ಷಣ ನಿಯಮಾವಳಿಯಂತೆ ಮೊದಲ ವರ್ಷದಲ್ಲಿ ಔಷಧ ತಯಾರಿಕೆ, ಔಷಧ ರಸಾಯನಶಾಸ್ತ್ರ, ಔಷಧ ಸಸ್ಯಗಳ ಅಧ್ಯಯನ, ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ ಹಾಗೂ ಸಾಮಾಜಿಕ ಫಾರ್ಮಸಿ ವಿಷಯಗಳಿವೆ. ಎರಡನೇ ವರ್ಷದಲ್ಲಿ ಔಷಧಶಾಸ್ತ್ರ, ಸಮುದಾಯ ಫಾರ್ಮಸಿ, ಜೀವರಸಾಯನಶಾಸ್ತ್ರ, ಔಷಧ ಚಿಕಿತ್ಸೆ, ಆಸ್ಪತ್ರೆ ಫಾರ್ಮಸಿ, ಕಾನೂನು ಮತ್ತು ನೀತಿಸಂಹಿತೆಗಳನ್ನು ಬೋಧಿಸಲಾಗುತ್ತದೆ. ಇವುಗಳ ನಂತರ ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಪೂರೈಸಬೇಕು.

ಸಂಸ್ಥೆಯ ಆಯ್ಕೆ

ಸಂಸ್ಥೆಯ ಕಟ್ಟಡ, ಶುಲ್ಕ ಅಥವಾ ಜಾಹೀರಾತಿಗಿಂತ ಅದರ ಮಾನ್ಯತೆಯೇ ನಿರ್ಣಾಯಕ. ಪರಿಷತ್ತು ತನ್ನ ಜಾಲತಾಣದಲ್ಲಿ ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರಲ್ಲಿ ಸಂಸ್ಥೆಯ ಹೆಸರು, ಪ್ರವೇಶ ಪಡೆಯುವ ಶೈಕ್ಷಣಿಕ ವರ್ಷ ಮತ್ತು ಅನುಮತಿಸಿದ ಸೀಟುಗಳ ಸಂಖ್ಯೆಯನ್ನು ಪರಿಶೀಲಿಸಬಹುದು. ಫಾರ್ಮಸಿ ಶಿಕ್ಷಣದ ವಿಷಯದಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತಿಗಿಂತ ಫಾರ್ಮಸಿ ಪರಿಷತ್ತಿನ ಅಧಿಕಾರವೇ ಅನ್ವಯವಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ನೀಡಿತು.

ಮಾನ್ಯತೆಯಿರುವ ಸಂಸ್ಥೆಗಳನ್ನು ಪರಸ್ಪರ ಹೋಲಿಸುವಾಗ ಪ್ರಯೋಗಾಲಯಗಳ ಸ್ಥಿತಿ, ಬೋಧಕರ ಸಂಖ್ಯೆ, ಗ್ರಂಥಾಲಯ ಹಾಗೂ ತರಬೇತಿ ನೀಡುವ ಆಸ್ಪತ್ರೆಯೊಂದಿಗಿನ ಒಡಂಬಡಿಕೆ ಗಮನಾರ್ಹ ಅಂಶಗಳು. ತರಗತಿಗೆ ಹಾಜರಾಗದೆಯೇ ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಂದ ಪಡೆದ ಡಿಪ್ಲೊಮಾ ನೋಂದಣಿಗೆ ಪ್ರಯೋಜನವಾಗುವುದಿಲ್ಲ. ಔಷಧ ಅಂಗಡಿ ಸಹಾಯಕರಿಗಾಗಿ ನಡೆಯುವ ಅಲ್ಪಾವಧಿ ಕೌಶಲ ತರಬೇತಿಗಳು ಸಹಾಯಕ ಕೆಲಸಕ್ಕೆ ಉಪಯುಕ್ತವಾದರೂ ಡಿ.ಫಾರ್ಮ್‌ಗೆ ಸಮಾನವಲ್ಲ. ಅಂಗಡಿಯಲ್ಲಿ ಹಲವು ವರ್ಷ ದುಡಿದ ಅನುಭವವೂ ವಿದ್ಯಾರ್ಹತೆಯ ಸ್ಥಾನವನ್ನು ತುಂಬುವುದಿಲ್ಲ.

ನಿರ್ಗಮನ ಪರೀಕ್ಷೆ ಮತ್ತು ನೋಂದಣಿ

ಡಿಪ್ಲೊಮಾ ಪಡೆದವರು ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು 2022ರ ನಿಯಮಾವಳಿ ವಿಧಿಸಿದೆ. ಬಹುಆಯ್ಕೆಯ ಪ್ರಶ್ನೆಗಳಿರುವ ಮೂರು ಪತ್ರಿಕೆಗಳಲ್ಲಿ ಪ್ರತ್ಯೇಕವಾಗಿ ಶೇ. 50 ಅಂಕ ಅಗತ್ಯ. ನಂತರ ಅಭ್ಯರ್ಥಿಯು ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಡಿ.ಫಾರ್ಮ್ ಪರೀಕ್ಷೆಗಳನ್ನು ಪರೀಕ್ಷಾ ಪ್ರಾಧಿಕಾರ ಮಂಡಳಿ ನಡೆಸುತ್ತದೆ. ಬಿ.ಫಾರ್ಮ್ ಪದವಿ ಕಾಲೇಜುಗಳಲ್ಲಿ ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ನೋಂದಣಿಯನ್ನು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ನೆರವೇರಿಸುತ್ತದೆ.

ಉದ್ಯೋಗ ಮತ್ತು ಉನ್ನತ ಶಿಕ್ಷಣ

ನೋಂದಾಯಿತರು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳಲ್ಲಿ, ಜನೌಷಧಿ ಕೇಂದ್ರಗಳಲ್ಲಿ ಮತ್ತು ಔಷಧ ಅಂಗಡಿಗಳಲ್ಲಿ ಕೆಲಸ ಮಾಡಬಹುದು. ಔಷಧ ನಿಯಮಗಳ 65ನೇ ನಿಯಮದಂತೆ ವೈದ್ಯರ ಚೀಟಿಯ ಮೇಲಿನ ಔಷಧ ಪೂರೈಕೆ ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ನಡೆಯಬೇಕಾದ್ದರಿಂದ, ಸ್ವಂತ ಅಂಗಡಿ ತೆರೆಯುವವರಿಗೂ ಈ ಅರ್ಹತೆ ಅನುಕೂಲಕರ. ಉನ್ನತ ಶಿಕ್ಷಣ ಬಯಸುವವರು ನಾಲ್ಕು ವರ್ಷಗಳ ಬಿ.ಫಾರ್ಮ್ ಪದವಿಯ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಲು ಅವಕಾಶವಿದೆ.