ಹಿಂಡಲಗಾದ ಗೋಡೆ, ಮೈಯೊಳಗಿನ ಗಾಯ

ಬೆಳಗಾವಿಯ ದಂಡು ಪ್ರದೇಶದ ಮಗ್ಗುಲಲ್ಲೇ ಹಿಂಡಲಗಾ ಇದೆ. 1922ರಲ್ಲಿ ಮರಾಠಾ ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು. ಮರುವರ್ಷ, 1923ರಲ್ಲಿ, ಹಿಂಡಲಗಾದಲ್ಲಿ ಕೇಂದ್ರ ಕಾರಾಗೃಹ ತಲೆಯೆತ್ತಿತು. ಒಂದು ಜನರನ್ನು ಸಾವಿನ ಎದುರಿಗೆ ಕಳುಹಿಸುವ ಅಂಗಳ, ಇನ್ನೊಂದು ಜನರನ್ನು ಕೂಡಿಹಾಕುವ ಗೋಡೆ. ಎರಡರ ಇತಿಹಾಸವನ್ನೂ ನಾವು ಯುದ್ಧಗಳ ಹೆಸರಿನಲ್ಲಿ, ಶಿಕ್ಷೆಗಳ ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ. ಆದರೆ ಅಲ್ಲಿ ಉಂಡ ಭಯ ಮನುಷ್ಯನ ಮೈಯಲ್ಲಿ ಏನು ಮಾಡಿತು ಎಂಬ ಲೆಕ್ಕವನ್ನು ಬಹುಕಾಲ ಯಾರೂ ಇಡಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಮರಾಠಾ ಪಡೆಗಳು ಇಂದಿನ ಇರಾಕಿನ ಕೂತ್ ಪಟ್ಟಣದಲ್ಲಿ ಸಿಕ್ಕಿಬಿದ್ದವು. ಅವುಗಳಲ್ಲಿ ಮರಾಠರ ಜೊತೆ ದಖ್ಖನಿ ಮುಸ್ಲಿಮರೂ ಇದ್ದರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ, ಹಸಿವು, ರೋಗ. ಕೊನೆಗೆ ಸುಮಾರು 13,000 ಮಂದಿ ಶರಣಾದರು. ಅನಂತರ ಮರುಭೂಮಿಯಲ್ಲಿ ಸೆರೆಯಾಳುಗಳ ನಡಿಗೆ. ಬದುಕಿ ಊರಿಗೆ ಮರಳಿದವರಿಗೆ ಪದಕ ಸಿಕ್ಕಿರಬಹುದು. ನಡುರಾತ್ರಿ ಬೆಚ್ಚಿ ಏಳುವವನಿಗೆ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವವನಿಗೆ ಆಗ ಯಾವ ಔಷಧಿ ಇತ್ತು?

ವೈದ್ಯರು ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಮನಸ್ಸಿನಲ್ಲಲ್ಲ, ಹೃದಯದಲ್ಲಿ. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಪರೀಕ್ಷಿಸಿದ ಜೇಕಬ್ ಡ ಕೋಸ್ಟಾ ಎಂಬ ವೈದ್ಯ, ಅವರ ಎದೆಬಡಿತ, ಏದುಸಿರು, ಎದೆನೋವುಗಳ ಬಗ್ಗೆ 1871ರಲ್ಲಿ ಬರೆದ. ಅದಕ್ಕೆ 'ಸೈನಿಕನ ಹೃದಯ' ಎಂಬ ಹೆಸರೂ ಬಂತು. 1915ರಲ್ಲಿ ಚಾರ್ಲ್ಸ್ ಮಯರ್ಸ್ 'ಶೆಲ್ ಶಾಕ್' ಎಂಬ ಪದವನ್ನು ವೈದ್ಯಕೀಯ ಬರಹಕ್ಕೆ ತಂದರು. ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ, ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಎಂದು ತಮ್ಮ ಪಟ್ಟಿಗೆ ಸೇರಿಸಿದರು.

ಇದು ನಡೆಯುವ ಬಗೆ ಹೀಗೆ. ಅಪಾಯ ಕಂಡಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ಹರಿಸುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಅಪಾಯ ಕಳೆದರೆ ಎಲ್ಲವೂ ತಣ್ಣಗಾಗಬೇಕು. ಆಘಾತಕ್ಕೊಳಗಾದವನಲ್ಲಿ ಅದು ತಣ್ಣಗಾಗುವುದಿಲ್ಲ. ಬಾಗಿಲ ಸದ್ದಿಗೂ ದೇಹ ಯುದ್ಧಕ್ಕೆ ನಿಲ್ಲುತ್ತದೆ. ವರ್ಷಗಟ್ಟಲೆ ಹೀಗಾದರೆ ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕೀಲು ಬೆನ್ನುಗಳ ನೋವು ಬಿಡುವುದಿಲ್ಲ; ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ. ವಿಯೆಟ್ನಾಂ ಕಾಲದ ಅವಳಿ ಸೋದರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಾಯಿಲೆ ಇದ್ದವರಲ್ಲಿ ಶೇ. 22.6 ಮಂದಿಗೆ ಹೃದ್ರೋಗ ಬಂದಿತ್ತು, ಇಲ್ಲದವರಲ್ಲಿ ಶೇ. 8.9 ಮಂದಿಗೆ. ಒಂದೇ ಗರ್ಭ, ಒಂದೇ ಮನೆ. ಬೇರೆಯಾಗಿದ್ದು ಆಘಾತದ ಗಾಯ.

ಈಗ ಹಿಂಡಲಗಾದ ಗೋಡೆಯೊಳಗೆ ಬರೋಣ. ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದವರನ್ನು ಇಲ್ಲಿಗೆ ಕಳುಹಿಸುವುದು ರೂಢಿಯಾಗಿತ್ತು. 1998ರಲ್ಲಿ ಒಬ್ಬ ಮಹಿಳೆಯ ಮೇಲೆ ಅತ್ಯಾಚಾರವೆಸಗಿ ಕೊಂದವನೊಬ್ಬನಿಗೆ 2006ರಲ್ಲಿ ಗಲ್ಲು ವಿಧಿಸಲಾಯಿತು. ಅವನನ್ನು ಇಲ್ಲಿ ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿಡಲಾಯಿತು. ಆದರೆ ಏಕಾಂತ ಸೆರೆಯನ್ನು ಶಿಕ್ಷೆಯಾಗಿ ವಿಧಿಸಿದಾಗಲೂ ಒಟ್ಟು ಮೂರು ತಿಂಗಳು, ಒಮ್ಮೆಗೆ 14 ದಿನ ಮೀರಬಾರದೆಂದು ದಂಡ ಸಂಹಿತೆಯೇ ಹೇಳಿತ್ತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವವರೆಗೆ ಗಲ್ಲು ಶಿಕ್ಷೆಯ ಕೈದಿಯನ್ನು ಹೀಗೆ ಪ್ರತ್ಯೇಕಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿತ್ತು. ಈ ಏಕಾಂತ ಸೆರೆ ಅವನ ಆರೋಗ್ಯದ ಮೇಲೆ ಕೆಟ್ಟ ಪರಿಣಾಮ ಬೀರಿದೆ ಎಂದು ಕಂಡ ಸುಪ್ರೀಂ ಕೋರ್ಟ್, 2022ರ ನವೆಂಬರ್ 4ರಂದು ಗಲ್ಲನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು.

ಈ ತೀರ್ಪು ಅಪರಾಧವನ್ನು ಮನ್ನಿಸಲಿಲ್ಲ. ನ್ಯಾಯಾಲಯ ವಿಧಿಸದ ಇನ್ನೊಂದು ಶಿಕ್ಷೆಯನ್ನು ಜೈಲಿನ ಗೋಡೆ ವಿಧಿಸಬಾರದು ಎಂದಷ್ಟೇ ಹೇಳಿತು. ಇದು ಒಬ್ಬನ ಮಾತೂ ಅಲ್ಲ. ಕರ್ನಾಟಕ ಸೇರಿ ಐದು ರಾಜ್ಯಗಳ 88 ಗಲ್ಲು ಕೈದಿಗಳ ಬಗ್ಗೆ 2021ರಲ್ಲಿ ಹೊರಬಂದ ಅಧ್ಯಯನದಲ್ಲಿ ಶೇ. 60ಕ್ಕೂ ಹೆಚ್ಚು ಮಂದಿಯಲ್ಲಿ ಮಾನಸಿಕ ಕಾಯಿಲೆ ಕಂಡುಬಂತು.

ಹಾಗಾದರೆ ಕೊಲೆಯಾದ ಆ ಮಹಿಳೆಯ ಮನೆಯವರ ಗಾಯ? ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳುವಂತಿಲ್ಲ. ಅವರ ನಿದ್ದೆಗೆಟ್ಟ ರಾತ್ರಿಗಳ ಲೆಕ್ಕವನ್ನೂ ಯಾರೂ ಇಡಲಿಲ್ಲ. ಆದರೆ ಕೈದಿಯೊಬ್ಬನ ಬುದ್ಧಿ ಕೆಡಿಸುವುದರಿಂದ ಆ ಮನೆಯವರ ಎದೆನೋವು ಕಡಿಮೆಯಾಗುವುದಿಲ್ಲ. ಅವರಿಗೆ ಬೇಕಾದದ್ದು ಆಸರೆ, ಪರಿಹಾರ, ಚಿಕಿತ್ಸೆ. ನಮ್ಮ ಸಮಾಜ ಅವರಿಗೆ ಕೊಟ್ಟಿದ್ದು ಹೆಚ್ಚಾಗಿ ಸೇಡಿನ ಘೋಷಣೆಯನ್ನು ಮಾತ್ರ.

ಮನಸ್ಸು ಬೇರೆ, ದೇಹ ಬೇರೆ ಎಂಬ ಭಾವನೆ ನಮ್ಮ ಪರಂಪರೆಯದಲ್ಲ. 'ಎದೆ ಒಡೆಯಿತು', 'ಕರುಳು ಕಿತ್ತು ಬಂತು' ಎನ್ನುವ ಕನ್ನಡಕ್ಕೆ ದುಃಖದ ಜಾಗ ಮೈಯೇ. ಹತ್ತನೇ ಶತಮಾನದಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ, ದೇಹ ಮತ್ತು ಆತ್ಮಗಳ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿ, ಒಂದರ ಕಾಯಿಲೆ ಇನ್ನೊಂದನ್ನು ಕಾಡುತ್ತದೆ ಎಂದು ತಿಳಿಸಿದರು. ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಹಝ್ರತ್ ಯಾಕೂಬ್(ಅ)ರ ಕಣ್ಣುಗಳು ಬಿಳಿಯಾದುದನ್ನು ಪವಿತ್ರ ಕುರ್‌ಆನ್ ಹೇಳುತ್ತದೆ. ಆ ದುಃಖವನ್ನು ಅದು ವಿಶ್ವಾಸದ ಕೊರತೆ ಎಂದು ಹೀಗಳೆಯುವುದಿಲ್ಲ. ಮಗನ ಅಂಗಿ ಮುಖಕ್ಕೆ ತಾಕಿದಾಗ ದೃಷ್ಟಿ ಮರಳಿತು ಎಂದೂ ಹೇಳುತ್ತದೆ.

ಆದರೂ ನಮ್ಮ ಮನೆಗಳಲ್ಲಿ ಇಂದಿಗೂ ಇಂಥವರಿಗೆ ಸಿಗುವುದು 'ಧೈರ್ಯ ಇಲ್ಲ', 'ಈಮಾನ್ ಸಾಲದು', 'ಗಾಳಿ ಸೋಂಕಿದೆ' ಎಂಬ ಮಾತು. ಗಲಭೆಯಲ್ಲಿ ಮನೆ ಸುಟ್ಟುಹೋದವರು, ನಿರಪರಾಧಿಯಾಗಿ ಜೈಲು ಸೇರಿ ವರ್ಷಗಳ ಬಳಿಕ ಬಿಡುಗಡೆಯಾದವರು ಹೊಟ್ಟೆನೋವು, ತಲೆನೋವು ಎಂದು ಆಸ್ಪತ್ರೆಗಳನ್ನು ಅಲೆಯುತ್ತಾರೆ. ಗುಳಿಗೆ ಸಿಗುತ್ತದೆ, 'ನಿಮಗೆ ಏನಾಗಿತ್ತು?' ಎಂದು ಕೇಳುವವರು ಸಿಗುವುದಿಲ್ಲ. ಆ ಒಂದು ಪ್ರಶ್ನೆಯನ್ನು ಜೈಲಿನ ವೈದ್ಯರಿಂದ ಹಿಡಿದು ಮಸೀದಿಯ ಇಮಾಮರವರೆಗೆ, ಮನೆಯ ಹಿರಿಯರವರೆಗೆ ಎಲ್ಲರೂ ಕೇಳಲು ಕಲಿಯಬೇಕು. ಗೋಡೆಯಾಚೆಗಿನವರಿಗೂ ಈಚೆಗಿನವರಿಗೂ ಚಿಕಿತ್ಸೆ ಶುರುವಾಗುವುದು ಅಲ್ಲಿಂದಲೇ.